ಟೈಪ್ 1 ಇರುವ ಮಗ ದುರ್ಗದವರೆಗೆ ಸೈಕಲ್ ತುಳಿಯಬಹುದಾ?

ಅಕ್ಕ, ಟೈಪ್ 1 ಡಯಾಬಿಟಿಸ್ (ದೇಹ ಇನ್ಸುಲಿನ್ ತಯಾರಿಸದ ಸಕ್ಕರೆ ಕಾಯಿಲೆ) ಇರುವ ನಿಮ್ಮ 16ರ ಮಗ, ಅದೇ ಕಾಯಿಲೆಯ ಬಡಮಕ್ಕಳ ಇನ್ಸುಲಿನ್‌ಗೆ ಹಣ ಕೂಡಿಸುವ ತಂಡದ ಜೊತೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸೈಕಲ್‌ನಲ್ಲಿ ಹೋಗಬಹುದಾ ಅಂತ ಕೇಳಿದ್ದೀರಿ. ಡಾಕ್ಟರು ಒಪ್ಪಿದರೆ ಖಂಡಿತ ಹೋಗಲಿ. ನನಗೂ ಚಿಕ್ಕಂದಿನಿಂದ ಇದೇ ಕಾಯಿಲೆ. ಆ 60 ಕಿ.ಮೀ. ಹೆದ್ದಾರಿಯನ್ನು ನಾನೂ ತುಳಿದಿದ್ದೇನೆ.

ಭಯ ಇರೋದು ಸಕ್ಕರೆ ಇಳಿಯೋದರದ್ದು. ಅವತ್ತು ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕು ಅಂತ ಡಾಕ್ಟರನ್ನೇ ಕೇಳಿ, ನೀವಾಗಿ ಮಾಡಬೇಡಿ. ಹೊರಡುವ ಮುಂಚೆ ತೊಡೆಗೆ ಚುಚ್ಚಿಕೊಳ್ಳೋದು ಬೇಡ. ಕಾಲು ಆಡುತ್ತಿದ್ದರೆ ಅದು ಬೇಗ ರಕ್ತ ಸೇರುತ್ತೆ. ಆನಗೋಡು, ಭರಮಸಾಗರ ಎರಡೂ ಕಡೆ ನಿಂತು ರಕ್ತದ ಸಕ್ಕರೆ ಪರೀಕ್ಷೆ ಮಾಡಲಿ. 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದು, 15 ನಿಮಿಷ ಕೂತು, ಮತ್ತೆ ನೋಡಲಿ. ಮಂಡಕ್ಕಿ-ಮಿರ್ಚಿ ಆಮೇಲೆ, ಎಣ್ಣೆ ತಿಂಡಿಯಿಂದ ಸಕ್ಕರೆ ತಕ್ಷಣ ಏರಲ್ಲ. 250ರ ಮೇಲಿದ್ದು ಕೀಟೋನ್ (ಇನ್ಸುಲಿನ್ ಸಾಲದಾಗ ದೇಹ ಕೊಬ್ಬು ಕರಗಿಸಿ ಮಾಡುವ ಆಮ್ಲ) ಕಂಡರೆ ಹೊರಡಲೇಬಾರದು.

ಮುಖ್ಯವಾದದ್ದು ಆ ರಾತ್ರಿ. ದಣಿದ ಸ್ನಾಯು ಗಂಟೆಗಟ್ಟಲೆ ಸಕ್ಕರೆ ಎಳೆಯುತ್ತಲೇ ಇರುತ್ತೆ. ನನಗೆ ಇಳಿದದ್ದು ದಾರಿಯಲ್ಲಲ್ಲ, ನಡುರಾತ್ರಿ; ಅಮ್ಮ ಎದ್ದು ನೋಡಿದ್ದಕ್ಕೆ ಉಳಿದೆ. ನೀವೂ ಅಲಾರಂ ಇಟ್ಟು ಎರಡು ಗಂಟೆಗೊಮ್ಮೆ ಪರೀಕ್ಷಿಸಿ.

ಬಳಸಲು ಶುರುಮಾಡದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರಿಜ್ ಇಲ್ಲದ ಮನೆಯ ಮಕ್ಕಳಿಗೆ ಅದನ್ನು ಇಡೋದೇ ಕಷ್ಟ. ಹಾಗಾಗಿ ಕೂಡಿದ ಹಣದಲ್ಲಿ ಪರೀಕ್ಷೆಯ ಸ್ಟ್ರಿಪ್‌ಗೂ ತಂಪು ಚೀಲಕ್ಕೂ ಪಾಲು ಇಡಿ ಅಂತ ತಂಡದವರಿಗೆ ದಯವಿಟ್ಟು ಹೇಳಿ.