ಕಾಸರಗೋಡಿನ ಪೆರ್ಲದ ನಮ್ಮ ಬೈಲಿನ ಮನೆಯಲ್ಲಿ ಮಂಗಳೂರು ಎಫ್‌ಎಂ (100.3 ಮೆಗಾಹರ್ಟ್ಸ್) ಕೇಳಲು ಸಣ್ಣ ಆರ್‌ಎಫ್ ಆಂಪ್ಲಿಫೈಯರ್ (ರೇಡಿಯೋ ಸಿಗ್ನಲ್ ಹೆಚ್ಚಿಸುವ ಸಾಧನ) ನಾನೇ ಡಿಸೈನ್ ಮಾಡಬೇಕು. ಯಾವ ಟ್ರಾನ್ಸಿಸ್ಟರ್ ಒಳ್ಳೆಯದು?

ಪೆರ್ಲ, ಬೈಲಿನ ಮನೆ, 100.3. ನಿಮ್ಮ ಪ್ರಶ್ನೆ ಓದಿ ನಗು ಬಂತು. ನಮ್ಮದು ಬದಿಯಡ್ಕದ ಕಡೆ. ಮೂರು ಬದಿ ಗುಡ್ಡೆ, ನಡುವೆ ಅಡಿಕೆ ತೋಟ. ಮಂಗಳೂರು ಆಕಾಶವಾಣಿ ಹಾಕಿದರೆ ಬುಸ್ ಅನ್ನುವ ಸದ್ದೇ ಜಾಸ್ತಿ, ಮಾತು ಕಮ್ಮಿ. ನಾನೂ ಟ್ರಾನ್ಸಿಸ್ಟರ್ ಹುಡುಕುವುದರಿಂದಲೇ ಶುರು ಮಾಡಿದ್ದು.

ಮೊದಲು ಕೈಗೆ ಸಿಕ್ಕಿದ್ದು ಬಿಸಿ547. ಆಡಿಯೋಕ್ಕೆ ಒಳ್ಳೆಯ ಸಾಮಾನು. ಆದರೆ ಡೇಟಾಶೀಟಿನಲ್ಲಿ ಅದರ ಎಫ್‌ಟಿ, ಅಂದರೆ ಕರೆಂಟ್ ಗೇನ್ (ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನುವುದು) ಒಂದಕ್ಕೆ ಇಳಿಯುವ ಫ್ರೀಕ್ವೆನ್ಸಿ, 300 ಮೆಗಾಹರ್ಟ್ಸ್. ಅಂದರೆ ಎಫ್‌ಎಂ ಬ್ಯಾಂಡಿಗೆ ಬರುವಾಗ ಕರೆಂಟ್ ಗೇನ್ ಉಳಿಯುವುದು ಮೂರರ ಸುತ್ತ. ಮಂಗಳೂರಿಗೆ ಹೋಗಿ ಬಿಎಫ್‌ಆರ್91 ತಂದೆ, ಎಫ್‌ಟಿ 5 ಗಿಗಾಹರ್ಟ್ಸ್. ಅದರ ಚಪ್ಪಟೆ ಕಾಲು ಬ್ರೆಡ್‌ಬೋರ್ಡಿನ (ಬೆಸೆಯದೆ ಭಾಗ ಚುಚ್ಚಿ ಸರ್ಕ್ಯೂಟ್ ಕಟ್ಟುವ ಹಲಗೆ) ತೂತಿಗೆ ಇಳಿಯುವುದಿಲ್ಲ. ಒಂದೊಂದು ಕಾಲಿಗೂ ತಂತಿ ಬೆಸೆದು ಚುಚ್ಚಿದೆ. ಕೆಟ್ಟದ್ದು ಅಲ್ಲೇ.

ಬ್ಯಾಟರಿ ಕೊಟ್ಟ ಕೂಡಲೇ ಬುಸ್ ಸದ್ದು ನಿಂತಿತು. ರೇಡಿಯೋದ ಟ್ಯೂನಿಂಗ್ ದೀಪ ಪೂರ್ತಿ ಉರಿಯಿತು. ಸಿಗ್ನಲ್ ಜೋರಾಗಿ ಬಂತು ಅಂತ ಕುಣಿದೆ. ಆದರೆ ಮಾತಿಲ್ಲ, ಹಾಡಿಲ್ಲ, ಬರೇ ಮೌನ. ಕೈ ಹತ್ತಿರ ತಂದರೆ ಗೊರಗೊರ. ಟ್ರಾನ್ಸಿಸ್ಟರ್ ಡೂಪ್ಲಿಕೇಟ್ ಇರಬೇಕು ಅಂತ ಅಂಗಡಿಯವರ ಹತ್ತಿರ ಜಗಳ ಮಾಡಿ ಬೇರೆ ತಂದೆ. ಅದೂ ಹಾಗೆಯೇ. ಬಸ್ಸಿಗೆ, ಬಿಡಿಭಾಗಕ್ಕೆ ದುಡ್ಡು ಸುರಿದು ಒಂದು ಮಳೆಗಾಲ ಕಳೆಯಿತು.

ಕೊನೆಗೆ ಕಂಡುಹಿಡಿದದ್ದು ಅಮ್ಮ. "ನೀನು ಆ ಪೆಟ್ಟಿಗೆ ಚಾಲೂ ಮಾಡಿದರೆ ನನ್ನ ರೇಡಿಯೋ ಬಾಯಿ ಮುಚ್ಚುತ್ತದೆ ಮಾರಾಯ" ಅಂದರು. ಅವರು ಅಡುಗೆಮನೆಯಲ್ಲಿ ಕಣ್ಣೂರು ಸ್ಟೇಷನ್ ಹಾಕಿಕೊಂಡಿದ್ದರು. ನಾನು ಕಟ್ಟಿದ್ದು ಆಂಪ್ಲಿಫೈಯರ್ ಅಲ್ಲ, ಆಸಿಲೇಟರ್! ತಾನೇ ಒಂದು ಕ್ಯಾರಿಯರ್ (ಧ್ವನಿಯನ್ನು ಹೊರುವ ರೇಡಿಯೋ ಅಲೆ) ಹುಟ್ಟಿಸಿ ಆಂಟೆನಾದಿಂದ ಹೊರಗೆ ಬಿಡುತ್ತಿತ್ತು. ಎಫ್‌ಎಂ ರೇಡಿಯೋ ಜೋರಾದ ಕ್ಯಾರಿಯರನ್ನೇ ಹಿಡಿದುಕೊಳ್ಳುತ್ತದೆ. ಅದರ ಮೇಲೆ ಧ್ವನಿ ಇಲ್ಲದಿದ್ದರೆ ಮೌನವೇ ಕೇಳುವುದು.

ಯಾಕೆ ಹೀಗೆ ಅಂತ ಸ್ವಲ್ಪ ಎಳೆದು ಹೇಳುತ್ತೇನೆ, ಬೇಜಾರು ಮಾಡಬೇಡಿ. ಬ್ರೆಡ್‌ಬೋರ್ಡಿನ ಅಕ್ಕಪಕ್ಕದ ಸಾಲುಗಳ ನಡುವೆ ಒಂದೆರಡು ಪಿಕೋಫ್ಯಾರಡ್ ಕೆಪಾಸಿಟನ್ಸ್ ಇರುತ್ತದೆ. 100 ಮೆಗಾಹರ್ಟ್ಸ್‌ನಲ್ಲಿ 2 ಪಿಕೋಫ್ಯಾರಡ್ ಅಂದರೆ ಸುಮಾರು 800 ಓಮ್. ಟ್ರಾನ್ಸಿಸ್ಟರಿನ ಔಟ್‌ಪುಟ್ ಕಾಲು ಕಲೆಕ್ಟರಿನಿಂದ ಇನ್‌ಪುಟ್ ಕಾಲು ಬೇಸಿಗೆ ಸಿಗ್ನಲ್ ವಾಪಸ್ ಹೋಗಲು ನೀವೇ ಒಂದು ದಾರಿ ಕೊಟ್ಟ ಹಾಗಾಯಿತು. ಇನ್ನು ಇನ್ನೊಂದು ಕಾಲು, ಎಮಿಟರಿನ ತಂತಿ. 1 ಸೆಂಟಿಮೀಟರ್ ತಂತಿಗೆ ಸುಮಾರು 10 ನ್ಯಾನೋಹೆನ್ರಿ, ಅಂದರೆ 6 ಓಮಿನ ಹತ್ತಿರ. 5 ಮಿಲಿಆಂಪಿಯರ್ ಹರಿಯುವಾಗ ಟ್ರಾನ್ಸಿಸ್ಟರಿನ ಒಳಗಿನ ಎಮಿಟರ್ ರೆಸಿಸ್ಟನ್ಸೇ 5 ಓಮ್. ತಂತಿ ಅದಕ್ಕಿಂತ ದೊಡ್ಡದಾಯಿತು, ಅಲ್ವಾ? ನನ್ನ 0.1 ಮೈಕ್ರೋಫ್ಯಾರಡ್ ಬೈಪಾಸ್ ಕೆಪಾಸಿಟರಿಗೂ (ಸಿಗ್ನಲನ್ನು ಗ್ರೌಂಡಿಗೆ ಇಳಿಸುವಂಥದ್ದು) ಉದ್ದುದ್ದ ಕಾಲು. ಅಂಥದ್ದು 4 ಮೆಗಾಹರ್ಟ್ಸ್ ಸುತ್ತಲೇ ರೆಸೊನೆನ್ಸ್ ಮುಗಿಸಿ, ಆಮೇಲೆ ಕಾಯಿಲ್ ಥರ ವರ್ತಿಸುತ್ತದೆ. ಕಾಗದದ ಮೇಲಿನ ಸರ್ಕ್ಯೂಟಿನಲ್ಲಿ ಇದು ಯಾವುದೂ ಕಾಣುವುದಿಲ್ಲ.

ಅದೇ ಭಾಗಗಳನ್ನು ತಾಮ್ರದ ಪದರ ಇರುವ ಬೋರ್ಡಿನ ಮೇಲೆ, ತಾಮ್ರವನ್ನೇ ಗ್ರೌಂಡ್ ಮಾಡಿ, ಕಾಲುಗಳನ್ನು ಗಿಡ್ಡ ಕತ್ತರಿಸಿ ಬೆಸೆದೆ. ಬೈಪಾಸಿಗೆ 1 ನ್ಯಾನೋಫ್ಯಾರಡಿನ ಚಿಪ್ ಕೆಪಾಸಿಟರ್. ಆಸಿಲೇಶನ್ ಹೋಯಿತು. ಜಗಳ ಮಾಡಿದ ಅಂಗಡಿಗೆ ಮುಖ ತೋರಿಸಲು ಮಾತ್ರ ಕಷ್ಟವಾಯಿತು.

ಆದರೆ ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಬೈಲಿಗೆ ಸಿಗ್ನಲ್ಲೇ ಇಳಿಯದಿದ್ದರೆ ಆಂಪ್ಲಿಫೈಯರ್ ಏನನ್ನು ದೊಡ್ಡದು ಮಾಡಬೇಕು? ಸಿಗ್ನಲ್ ಜೊತೆ ಬುಸ್ ಸದ್ದನ್ನೂ ಅಷ್ಟೇ ಹೆಚ್ಚಿಸುತ್ತದೆ. ಜೊತೆಗೆ ಕಣ್ಣೂರಿನ 101.5 ಪಕ್ಕದಲ್ಲೇ ಉಂಟು. ಬ್ರಾಡ್‌ಬ್ಯಾಂಡ್ ಆಂಪ್ಲಿಫೈಯರ್ ಎರಡನ್ನೂ ಒಂದೇ ಸಮ ಎತ್ತುತ್ತದೆ. ನಮಗೆ ಮಂಗಳೂರು ಬಡಗು, ಕಣ್ಣೂರು ತೆಂಕು. ಸಾದಾ ಡೈಪೋಲ್ ಆಂಟೆನಾಕ್ಕೆ ಹಿಂದೆ ಮುಂದೆ ಎರಡೂ ಒಂದೇ, ಹಾಗಾಗಿ ಅದು ಸಾಲದು. ಒಂದೇ ದಿಕ್ಕಿನ ಸಿಗ್ನಲ್ ಹೆಚ್ಚು ಹಿಡಿಯುವ ಮೂರು ಕಡ್ಡಿಯ ಯಾಗಿ ಆಂಟೆನಾ ಮಾಡಿ, ಮಂಗಳೂರಿಗೆ ಮುಖ ಮಾಡಿ, ಗುಡ್ಡೆಯ ಬದಿಗೆ ಎತ್ತರದಲ್ಲಿ ನಿಲ್ಲಿಸಿ. ನಡುವಿನ ಕಡ್ಡಿ ಒಟ್ಟು 1.4 ಮೀಟರಿಗೆ ಸ್ವಲ್ಪ ಜಾಸ್ತಿ. ಅಡ್ಡ ಹಿಡಿದೂ ನೋಡಿ, ನೆಟ್ಟಗೆ ಹಿಡಿದೂ ನೋಡಿ. ಅಡಿಕೆ ಮರಕ್ಕೆ ಕಟ್ಟಬೇಡಿ, ಗಾಳಿಗೆ ಸ್ಟೇಷನ್ ಬಂದು ಹೋಗಿ ಮಾಡುತ್ತದೆ.

ಕೇಬಲ್ ಡಿಶ್ ಟಿವಿಯ ಆರ್‌ಜಿ-6 ಸಾಕು. 20 ಮೀಟರಿಗೆ ನಷ್ಟ ಸ್ವಲ್ಪವೇ, ಒಂದೂವರೆ ಡೆಸಿಬೆಲಿನ ಒಳಗೆ. ನನಗೆ ಯಾಗಿ ಏರಿಸಿದ ಮೇಲೆ ಆಂಪ್ಲಿಫೈಯರೇ ಬೇಡವಾಯಿತು, ಈಗ ಡಬ್ಬಿಯಲ್ಲಿ ಉಂಟು. ನಿಮಗೆ ಬೇಕಾದರೆ ಆಂಟೆನಾದ ಪಕ್ಕದಲ್ಲೇ ಇಡಿ, ರೇಡಿಯೋದ ಹತ್ತಿರ ಅಲ್ಲ. ಕೇಬಲಿನಲ್ಲಿ ಸಿಗ್ನಲ್ ಸೋರಿದ ಮೇಲೆ ಎಷ್ಟು ಗೇನ್ ಕೊಟ್ಟರೂ ನಾಯ್ಸ್ ಕಮ್ಮಿಯಾಗುವುದಿಲ್ಲ. ತುಲಾ ತಿಂಗಳಿನ ಗುಡುಗು ಶುರುವಾದರೆ ಕೇಬಲ್ ಬಿಚ್ಚಿ ಮನೆಯ ಹೊರಗೇ ಹಾಕಿ. ನಮ್ಮ ಕಡೆಯ ಸಿಡಿಲು ನಿಮಗೆ ಗೊತ್ತಲ್ಲ.

ಕಲಿಯಲಿಕ್ಕೇ ಮಾಡುವುದಾದರೆ ಸುಮ್ನೆ ಬಿಎಫ್‌ಆರ್91 ತನ್ನಿ, 5ರಿಂದ 10 ಮಿಲಿಆಂಪಿಯರ್ ಕೊಡಿ. ಬ್ರೆಡ್‌ಬೋರ್ಡ್ ಮಾತ್ರ ಯಾರಿಗಾದರೂ ಕೊಟ್ಟುಬಿಡಿ.