ಅಮೆರಿಕದ ಕೊಲರಾಡೊದಲ್ಲಿ 400 ಗಜ ದೂರದಿಂದ ಎಲ್ಕ್ (ಜಿಂಕೆ ಜಾತಿಯ ದೊಡ್ಡ ಪ್ರಾಣಿ) ಬೇಟೆಯಾಡಲು ಯಾವ ರೈಫಲ್, ಯಾವ ತೋಟಾ ಸೂಕ್ತ?

7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ತೋಟಾ ಹಾಕುವ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಹಿಡಿಕೆಯನ್ನು ಕೈಯಿಂದ ಎಳೆಯುವ) ರೈಫಲ್ ನನ್ನ ಆಯ್ಕೆ. 1962ರಲ್ಲಿ ಬಂದ ಈ ತೋಟಾಕ್ಕೆ 160 ಗ್ರೇನ್ (ಸುಮಾರು 10 ಗ್ರಾಂ) ಆಸುಪಾಸಿನ, ತಾಗಿದಾಗ ಅರಳುವ ಆದರೆ ಚೂರಾಗದ ಗಟ್ಟಿ ಕವಚದ ಗುಂಡು ಇರಲಿ.

2007ರಲ್ಲಿ ಬಂದ 6.5 ಕ್ರೀಡ್‌ಮೂರ್ ತೋಟಾ ಇಂದು ಎಲ್ಲರ ಬಾಯಲ್ಲೂ ಇದೆ. ಅದರ ಒದೆತ (ಹಾರಿಸಿದಾಗ ಭುಜಕ್ಕೆ ಬೀಳುವ ಪೆಟ್ಟು) ಕಡಿಮೆ, ಗುರಿ ನಿಖರ. ಜಿಂಕೆಗೆ ಧಾರಾಳವಾಗಿ ಸಾಕು. ಆದರೆ ಎಲ್ಕ್ ಗಂಡು 300 ಕಿಲೋ ಮೀರುವ ಪ್ರಾಣಿ. ಅದಕ್ಕೆ ಗುಂಡು ತಾಗುವಾಗ 1,500 ಅಡಿ-ಪೌಂಡ್ ಶಕ್ತಿ ಬೇಕೆಂಬುದು ಬೇಟೆಗಾರರ ಹಳೆಯ ಲೆಕ್ಕ. ಕ್ರೀಡ್‌ಮೂರ್ ಗುಂಡು 400 ಗಜದ ಹೊತ್ತಿಗೆ ಆ ಗೆರೆಯ ಆಸುಪಾಸಿಗೆ ಇಳಿದಿರುತ್ತದೆ. 7 ಎಂಎಂ ಗುಂಡು 500 ಗಜದಲ್ಲೂ ಅದಕ್ಕಿಂತ ಮೇಲಿರುತ್ತದೆ. ಕೊಲರಾಡೊದ ಕಾನೂನು ಎಲ್ಕ್‌ಗೆ 85 ಗ್ರೇನ್ ಗುಂಡನ್ನೇ ಕನಿಷ್ಠವೆನ್ನುತ್ತದೆ. ಅದು ಕಾನೂನಿನ ತಳಮಟ್ಟ, ಅದನ್ನು ಸಲಹೆಯೆಂದು ಓದಬೇಡಿ.

300 ವಿಂಚೆಸ್ಟರ್ ಮ್ಯಾಗ್ನಮ್ ಇನ್ನೂ ಬಲಶಾಲಿ. ಅದರ ಒದೆತಕ್ಕೆ ಹೆದರಿ ಕಣ್ಣು ಮುಚ್ಚುವವರನ್ನು ಕಂಡಿದ್ದೇನೆ. ಹಾಗೆ ಹೊಡೆದ ಗುಂಡು ಹೊಟ್ಟೆಗೆ ಬಿದ್ದರೆ ಪ್ರಾಣಿ ನರಳಿ ಸಾಯುತ್ತದೆ.

ನಿಜವಾದ ಕಷ್ಟ ಗಾಳಿಯದು. ಗುಂಡು ಎಷ್ಟು ಕೆಳಗಿಳಿಯುತ್ತದೆಂದು ದೂರ ಅಳೆಯುವ ರೇಂಜ್‌ಫೈಂಡರ್ ಮತ್ತು ಆ ತೋಟಾದ ಕೋಷ್ಟಕ ನೋಡಿ ಹೇಳಬಹುದು. ಆದರೆ ಗಂಟೆಗೆ 10 ಮೈಲಿಯ ಅಡ್ಡಗಾಳಿ 500 ಗಜದಲ್ಲಿ ಗುಂಡನ್ನು ಒಂದು ಅಡಿಗೂ ಹೆಚ್ಚು ಪಕ್ಕಕ್ಕೆ ತಳ್ಳುತ್ತದೆ, ಕಣಿವೆಯ ಆಚೆ ಬದಿಯ ಗಾಳಿ ನಿಮ್ಮ ಕೆನ್ನೆಗೆ ತಾಗುವುದಿಲ್ಲ. ಆದ್ದರಿಂದ ರೈಫಲ್‌ಗೆ ಸುರಿಯುವ ಹಣದಲ್ಲಿ ಉಳಿಸಿ, ಒಳ್ಳೆಯ ಸ್ಕೋಪ್ ಮತ್ತು ಅಭ್ಯಾಸದ ತೋಟಾಗಳನ್ನು ಕೊಳ್ಳಿ. ಮೈದಾನದಲ್ಲಿ, ಬೆಂಚಿನ ಆಸರೆಯಿಲ್ಲದೆ, ಹತ್ತಕ್ಕೆ ಹತ್ತು ಗುಂಡು ಊಟದ ತಟ್ಟೆಯಷ್ಟು ಜಾಗದಲ್ಲಿ ಬೀಳುವ ದೂರವೇ ನಿಮ್ಮ ಮಿತಿ. ಅದು 250 ಗಜವಾಗಿದ್ದರೆ, ಇನ್ನೂ 150 ಗಜ ತೆವಳಿ ಹತ್ತಿರ ಹೋಗಿ.