ಮಂಚೂರಿಯಾದವರಿಗೇ ಗೊತ್ತಿಲ್ಲದ ಗೋಬಿ

ರಾಜಾಜಿನಗರದ ಓದುಗರೊಬ್ಬರ ಪತ್ರ:

‘ನಾವು ನಾಲ್ವರು ಕಾಲೇಜು ಗೆಳೆಯರು ತಿಂಗಳಿಗೊಮ್ಮೆ ಊಟಕ್ಕೆ ಸೇರುತ್ತೇವೆ. ಈ ಸಲ ನಮ್ಮ ಬೀದಿಯ ಹೊಸ ಏಷ್ಯನ್ ಫ್ಯೂಷನ್ ರೆಸ್ಟೋರೆಂಟಿಗೆ ಹೋದೆವು. ಮೊದಲು ಅಲ್ಲಿ ದರ್ಶಿನಿ ಇತ್ತು. ಪನೀರ್ ತುಂಬಿದ ಬಾವ್ ಬನ್ನು, ಕಿಮ್ಚಿ ಫ್ರೈಡ್ ರೈಸ್, ರಸಂ ರಾಮೆನ್! ಚೀನಾದ್ದೂ ಅಲ್ಲ, ಜಪಾನಿನದ್ದೂ ಅಲ್ಲ, ನಮ್ಮದೂ ಅಲ್ಲ. ಬರೀ ಬೆರಕೆ. ನಮ್ಮಲ್ಲೊಬ್ಬ ಅಜಿನೊಮೊಟೊ ಭಯಕ್ಕೆ ಸೂಪು ಮುಟ್ಟಲಿಲ್ಲ. ಬಿಲ್ಲು ನೋಡಿ ಎಲ್ಲರಿಗೂ ತಲೆ ತಿರುಗಿತು. ಉಳಿದ ನೂಡಲ್ಸ್ ಪಾರ್ಸೆಲ್ ಕಟ್ಟಿಸಿಕೊಂಡು ಬಂದೆ. ಬೆಳಿಗ್ಗೆ ನನ್ನ ಹೆಂಡತಿ ಅದಕ್ಕೆ ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು ನಿಂಬೆಹಣ್ಣು ಹಿಂಡಿದ ಮೇಲೆ ತಿನ್ನುವ ಹಾಗಾಯ್ತು. ಅಸಲಿ ರುಚಿ ಅನ್ನುವುದಕ್ಕೆ ಈಗ ಬೆಲೆಯೇ ಇಲ್ಲವೇ?’

ಸಂಪಾದಕರ ಉತ್ತರ:

ಬಿಲ್ಲಿನ ವಿಷಯ ಒಪ್ಪಿದೆ ಸ್ವಾಮಿ. ದರ್ಶಿನಿ ಹೋದದ್ದಕ್ಕೆ ನನ್ನ ಹೊಟ್ಟೆಯೂ ಉರಿಯುತ್ತದೆ. ಅಷ್ಟಕ್ಕೆ ನಿಮ್ಮ ಪಕ್ಷ ಮುಗಿಯಿತು.

‘ಬೆರಕೆ’ ಅಂದಿರಲ್ಲ, ಅಲ್ಲಿ ನನಗೆ ತಡೆಯಲಿಲ್ಲ. ನಾಲ್ವರೂ ಕೂತ ತಕ್ಷಣ ಏನು ಆರ್ಡರ್ ಮಾಡಿದಿರಿ ಅಂತ ನೀವು ಬರೆದಿಲ್ಲ. ನಾನು ಹೇಳಲಾ? ಗೋಬಿ ಮಂಚೂರಿ. ಮಂಚೂರಿಯಾದವರು ಅದನ್ನು ಕಂಡವರಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದ ಅಡುಗೆಯವರು ನೆಲ್ಸನ್ ವಾಂಗ್, 1975ರ ಸುಮಾರಿಗೆ ಮುಂಬೈಯ ಕ್ಲಬ್ಬೊಂದರಲ್ಲಿ ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿಯ ಜೊತೆಗೆ ಸೋಯಾ ಸಾಸ್ ಬೆರೆಸಿ ಚಿಕನ್ ಮಂಚೂರಿ ಮಾಡಿದರು ಅನ್ನುತ್ತಾರೆ. ಆಮೇಲೆ ಕೋಳಿಯ ಜಾಗಕ್ಕೆ ಹೂಕೋಸು ಬಂತು, ಅದು ನಮ್ಮ ತಳ್ಳುಗಾಡಿ ಹತ್ತಿತು, ಊರ ಜಾತ್ರೆಗೂ ಬಂತು. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿದಾಗ ಊರಿಗೆ ಊರೇ ಮಾತಾಡಿತು, ಮನೆಯವರಿಗೇ ಏನೋ ಆಗಿದೆ ಅನ್ನುವ ಹಾಗೆ. ಪರದೇಶದ ತಿಂಡಿಯ ಬಗ್ಗೆ ಜನ ಹಾಗೆ ಮಾತಾಡುವುದಿಲ್ಲ.

ಈ ‘ಅಸಲಿ’ ಹುಡುಕಿಕೊಂಡು ಎಲ್ಲಿಗೆ ಹೋಗುತ್ತೀರಿ? ಜಪಾನಿಗೆ? ಟೆಂಪುರಾ ಅನ್ನುವ ಅವರ ಬಜ್ಜಿ ಪೋರ್ಚುಗೀಸರಿಂದ ಕಲಿತದ್ದು, ರಾಮೆನ್ ಅನ್ನುವ ನೂಡಲ್ಸ್ ಸೂಪು ಚೀನಾದಿಂದ ಹೋದದ್ದು. ಕೊರಿಯಾಕ್ಕೆ? ಕಿಮ್ಚಿ ಅನ್ನುವ ಅವರ ಉಪ್ಪಿನಕಾಯಿಯ ಖಾರ ಅಮೆರಿಕ ಖಂಡದ ಮೆಣಸಿನಕಾಯಿಯದ್ದು. ಮನೆಗೇ ಬಂದರೆ ನಮ್ಮ ಸಾರಿನ ಮೆಣಸಿನಕಾಯಿಯೂ ಅಲ್ಲಿಂದಲೇ ಹಡಗು ಹತ್ತಿ ಬಂದದ್ದು, ಟೊಮೇಟೊ, ಆಲೂಗಡ್ಡೆ ಕೂಡ. ತಿಥಿ ಅಡುಗೆಯಲ್ಲಿ ಮೆಣಸಿನಕಾಯಿ ಬಿಟ್ಟು ಕಾಳುಮೆಣಸು ಹಾಕುವ ಮನೆಗಳು ಇವತ್ತಿಗೂ ಇವೆ. ಅಂದರೆ ಅಸಲಿ ರುಚಿ ಬೇಕು ಅನ್ನುವವರು ದಿನಾ ತಿಥಿ ಊಟ ಮಾಡಬೇಕಾಗುತ್ತದೆ! ರವೆ ಇಡ್ಲಿಯ ಕಥೆ ನಿಮಗೆ ಗೊತ್ತೇ ಇರಬೇಕು. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ಎಂಟಿಆರ್‌ನವರು ರವೆಯಲ್ಲಿ ಮಾಡಿ ನೋಡಿದ್ದು. ‘ಇದು ಇಡ್ಲಿಯೂ ಅಲ್ಲ, ಉಪ್ಪಿಟ್ಟೂ ಅಲ್ಲ’ ಅಂತ ಆಗಲೂ ಯಾರಾದರೂ ಪತ್ರಿಕೆಗೆ ಬರೆದಿದ್ದರೋ ಏನೋ.

ಪತ್ರ ಅಂದಾಗ ನೆನಪಾಯ್ತು, ಸೂಪು ಮುಟ್ಟದ ನಿಮ್ಮ ಗೆಳೆಯರಿಗೆ ಇದನ್ನು ತೋರಿಸಿ. ಟೋಕಿಯೊದ ರಸಾಯನ ವಿಜ್ಞಾನಿ ಕಿಕುನೆ ಇಕೆಡಾ 1908ರಲ್ಲಿ ಕೊಂಬು ಅನ್ನುವ ಕಡಲಪಾಚಿಯ ಸಾರಿನ ವಿಶೇಷ ರುಚಿ ಗ್ಲುಟಮೇಟು ಅನ್ನುವ ಅಂಶದಿಂದ ಬರುತ್ತದೆ ಅಂತ ಕಂಡುಹಿಡಿದರು. ಮರುವರ್ಷವೇ ಅದು ಅಜಿನೊಮೊಟೊ ಆಗಿ ಮಾರಾಟಕ್ಕೆ ಬಂತು. ಅದೇ ಗ್ಲುಟಮೇಟು ಟೊಮೇಟೊ ಹಣ್ಣಿನಲ್ಲೂ ಇದೆ. ಮತ್ತೆ ಭಯ ಹುಟ್ಟಿದ್ದು ಹೇಗೆ? 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದಕ್ಕೆ ಒಬ್ಬ ಡಾಕ್ಟರು, ಚೀನೀ ಹೋಟ್ಲಿನಲ್ಲಿ ಉಂಡರೆ ಕುತ್ತಿಗೆ ಜೋಮು ಹಿಡಿಯುತ್ತದೆ, ಕಾರಣ ಸೋಯಾ ಸಾಸೋ, ವೈನೋ, ಈ ಅಜಿನೊಮೊಟೊವೋ, ಉಪ್ಪೋ ಗೊತ್ತಿಲ್ಲ ಅಂತ ಪತ್ರ ಬರೆದರು. ಪತ್ರಿಕೆಯವರು ಅದಕ್ಕೆ ‘ಚೈನೀಸ್ ರೆಸ್ಟೋರೆಂಟ್ ಸಿಂಡ್ರೋಮ್’ ಅಂತ ತಲೆಬರಹ ಕೊಟ್ಟರು. ಅಷ್ಟೇ, ಭಯ ಎಲ್ಲ ಕಡೆ ಹಬ್ಬಿತು. ಓದುಗರ ಪತ್ರಕ್ಕೆ ತಲೆಬರಹ ಕೊಡುವಾಗ ನನ್ನ ಕೈ ಯಾಕೆ ನಡುಗುತ್ತದೆ ಅಂತ ಈಗ ಗೊತ್ತಾಯ್ತಾ?

ನೀವು ಸಿಟ್ಟಾಗಬಾರದು, ಒಂದು ಮಾತು ಕೇಳುತ್ತೇನೆ. ಬಾವ್‌ನ ಕುಲಗೋತ್ರ ಇಷ್ಟು ವಿಚಾರಿಸಿದಿರಿ, ಅದನ್ನು ಬಡಿಸಿದ ಹುಡುಗನ ಊರು ಕೇಳಿದಿರಾ? ಬೆಂಗಳೂರಿನ ಇಂಥ ಎಷ್ಟೋ ಅಡುಗೆಮನೆಗಳಲ್ಲಿ ಬಾಣಲೆ ಹಿಡಿದವರು ಮಣಿಪುರ, ಮಿಜೋರಾಂ, ಡಾರ್ಜಿಲಿಂಗ್, ನೇಪಾಳದ ಕಡೆಯವರು. ಬೆಳಿಗ್ಗೆ ಮನೆಯಲ್ಲಿ ಅನ್ನ ಮೀನು ಉಂಡು ಬಂದು ನಮಗೆ ರಾಮೆನ್ ಕೊಡುತ್ತಾರೆ. ‘ನೀನು ಚೀನಾದವನಾ?’ ಅಂತ ನಮ್ಮವರೇ ಕೇಳುವುದನ್ನು ಈ ಕಿವಿಯಿಂದ ಕೇಳಿದ್ದೇನೆ. 2012ರ ಆಗಸ್ಟಿನಲ್ಲಿ, ತಮ್ಮ ಮೇಲೆ ಹಲ್ಲೆ ಆಗುತ್ತದೆ ಅನ್ನುವ ಸುಳ್ಳು ಸುದ್ದಿ ಹಬ್ಬಿ, ಸಾವಿರಾರು ಜನ ಈಶಾನ್ಯದವರು ಒಂದೆರಡು ದಿನದಲ್ಲಿ ಗುವಾಹಟಿ ರೈಲು ಹತ್ತಿ ಈ ಊರು ಬಿಟ್ಟರು. ರೈಲ್ವೆಯವರು ಹೆಚ್ಚುವರಿ ಗಾಡಿ ಬಿಡಬೇಕಾಯ್ತು. ಆಗ ಎಷ್ಟು ಹೋಟ್ಲುಗಳಲ್ಲಿ ಬಡಿಸುವವರು ಇಲ್ಲದೆ ಹೋದರು, ನೆನಪಿದೆಯಾ? ನಮಗೆ ಅವರ ಮೋಮೊ ಬೇಕು, ಅದು ಅಸಲಿಯಾಗಿರಬೇಕು, ಹೆಸರು ಮಾತ್ರ ಕೇಳುವುದಿಲ್ಲ. ಮೆನು ಕನ್ನಡದಲ್ಲಿ ಇರಲಿಲ್ಲ ಅಂತ ನೀವು ದೂರಿದ್ದರೆ ನಾನೂ ನಿಮ್ಮ ಜೊತೆ ಬಂದು ಜಗಳ ಆಡುತ್ತಿದ್ದೆ, ಆ ಹುಡುಗರಲ್ಲಿ ಎಷ್ಟೋ ಜನ ಮೆನು ಬರೆಸಿದ ಮಾಲೀಕನಿಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಾರೆ. ಇರಲಿ, ಎಲ್ಲಿಂದಲೋ ಎಲ್ಲಿಗೋ ಹೋದೆ.

ನಾಲ್ವರು ಇಷ್ಟು ವರ್ಷ ತಿಂಗಳಿಗೊಮ್ಮೆ ಸೇರುತ್ತೀರಲ್ಲ, ಅದಕ್ಕೆ ನನಗೆ ನಿಜವಾಗಿ ಹೊಟ್ಟೆಕಿಚ್ಚು. ಆ ನೂಡಲ್ಸ್ ವಿಚಾರ ಮಾತ್ರ ನೀವು ಅರ್ಧಕ್ಕೇ ಬಿಟ್ಟಿದ್ದೀರಿ. ಸಾಸಿವೆಯ ಜೊತೆ ಕಡಲೆಬೇಳೆ ಹಾಕಿದ್ದರಾ? ಇಂಗು? ನಿಂಬೆಹಣ್ಣು ಹಿಂಡಿದ್ದು ಒಲೆ ಆರಿಸಿದ ಮೇಲೋ, ಮೊದಲೋ? ನಿಮ್ಮ ಮನೆಯವರನ್ನು ಕೇಳಿ ಸರಿಯಾಗಿ ಬರೆದು ಕಳಿಸಿ. ಮುಂದಿನ ಸಂಚಿಕೆಯ ಅಡುಗೆ ಪುಟದಲ್ಲಿ ಅವರ ಹೆಸರಿನಲ್ಲೇ ಹಾಕುತ್ತೇನೆ.